ಲೆಕ್ಕದ ಹಾಳೆ ನಮ್ಮ ಷರತ್ತನ್ನು ಓದುವ ಬಗೆ: ಶಿರಸಿಯ ಅಡಿಕೆ ಮನೆಯಿಂದ ಲಿಬ್ರೆಆಫೀಸ್ ಕ್ಯಾಲ್ಕ್ ವಿಮರ್ಶೆ

ಕಳೆದ ಮೂರು ಕೊಯ್ಲುಗಳಿಂದ ನಮ್ಮ ಮನೆಯ ಚಾಲಿ (ಬಿಸಿಲಿಗೆ ಒಣಗಿಸಿದ ಹಣ್ಣಡಿಕೆ) ಸುಲಿತದ ಕೂಲಿ, ಅಡಿಕೆ ಗೊನೆ ಕೊಯ್ಯುವ ಕೊನೆಗಾರರ ಮುಂಗಡ, ಶಿರಸಿ ಪೇಟೆಯಲ್ಲಿ ವ್ಯಾಪಾರವಾದ ಅಡಿಕೆಯ ಪಟ್ಟಿ, ಇವೆಲ್ಲವನ್ನೂ ನಾನು ಲೆಕ್ಕದ ಹಾಳೆಯ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಇಡುತ್ತಿದ್ದೇನೆ. ಅಕ್ಕಪಕ್ಕದ ಎರಡು ಮನೆಗಳ ಲೆಕ್ಕವೂ ಅದರಲ್ಲೇ ಇದೆ. ಈ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. 2010ರಲ್ಲಿ ಓಪನ್ಆಫೀಸ್‌ನಿಂದ ಕವಲೊಡೆದು ಬೇರೆಯಾದ ಇದನ್ನು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಇದರ ಅಕ್ಷರಶೈಲಿ, ಬಣ್ಣ, ನಕ್ಷೆಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಾವು ಒಂದು ಚೌಕದಲ್ಲಿ ಸೂತ್ರವನ್ನೋ ಷರತ್ತನ್ನೋ ಬರೆದಾಗ ಇದು ಅದನ್ನು ಹೇಗೆ ಓದಿಕೊಳ್ಳುತ್ತದೆ, ಯಾವುದನ್ನು ಮೊದಲು ಮಾಡುತ್ತದೆ, ಎಲ್ಲಿ ನಮಗೆ ಹೇಳದೆ ತನ್ನದೇ ತೀರ್ಮಾನಕ್ಕೆ ಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಇದಕ್ಕೆ ಮೊದಲು ವರ್ಷಕ್ಕಿಷ್ಟೆಂದು ಹಣ ಕಟ್ಟುವ ಒಂದು ಲೆಕ್ಕಪತ್ರದ ತಂತ್ರಾಂಶವನ್ನು ಬಳಸಿದ್ದೆ. ಅದರಲ್ಲಿಯೂ ನಿಯಮ ಬರೆಯಲು ಒಂದು ಪೆಟ್ಟಿಗೆ ಇತ್ತು. ಬರೆದ ನಿಯಮ ತಪ್ಪಾಗಿದ್ದರೂ ಹಸಿರು ಗುರುತು ಬೀಳುತ್ತಿತ್ತು, ಮೊತ್ತವೊಂದು ಕೆಳಗೆ ಮೂಡುತ್ತಿತ್ತು, ಆ ಮೊತ್ತ ಯಾವ ದಾರಿಯಲ್ಲಿ ಬಂತೆಂದು ಕೇಳಿದರೆ ತೋರಿಸಲು ಅದರ ಬಳಿ ಏನೂ ಇರಲಿಲ್ಲ. ಕ್ಯಾಲ್ಕ್‌ಗೆ ಬಂದದ್ದು ಹಣ ಉಳಿಸಲಿಕ್ಕೆಂದಲ್ಲ, ಒಳಗಿನ ದಾರಿ ಕಾಣುತ್ತದೆ ಎಂಬ ಕಾರಣಕ್ಕೆ.

ಸೂತ್ರವೊಂದನ್ನು ಬರೆದು ಎಂಟರ್ ಒತ್ತಿದ ಕೂಡಲೇ ಕ್ಯಾಲ್ಕ್ ಅದನ್ನು ನಾವು ಬರೆದ ಕ್ರಮದಲ್ಲಿ ಲೆಕ್ಕ ಹಾಕಲು ಹೊರಡುವುದಿಲ್ಲ. ಮೊದಲು ಸಂಖ್ಯೆ, ಚೌಕದ ಹೆಸರು, ಚಿಹ್ನೆ, ಆವರಣ ಎಂದು ತುಂಡುಮಾಡಿಕೊಂಡು, ಆಮೇಲೆ ಆ ತುಂಡುಗಳನ್ನು ಬೇರೊಂದು ಕ್ರಮದಲ್ಲಿ ಜೋಡಿಸಿ ಇಟ್ಟುಕೊಳ್ಳುತ್ತದೆ. ನಾವು 50+42*12 ಎಂದು ಬರೆದದ್ದು ಅದರ ಒಳಗೆ 50, 42, 12, ಗುಣಿಸು, ಕೂಡಿಸು ಎಂದು ಕೂರುತ್ತದೆ. ವಖಾರಿಯಲ್ಲಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಸಂಖ್ಯೆಗಳನ್ನು ಪೇರಿಸುತ್ತ ಹೋಗಿ, ಚಿಹ್ನೆ ಎದುರಾದಾಗ ಮೇಲಿನ ಎರಡನ್ನು ಇಳಿಸಿ, ಲೆಕ್ಕ ಮಾಡಿ, ಉತ್ತರವನ್ನು ಮತ್ತೆ ಮೇಲಿಡುವುದು ಇದರ ಕೆಲಸ. ಹೀಗಾಗಿ ಲೆಕ್ಕ ಹಾಕುವ ಹೊತ್ತಿಗೆ ಆವರಣಗಳ ಅಗತ್ಯವೇ ಉಳಿದಿರುವುದಿಲ್ಲ. ನಾವು ಬರೆಯುವ ಕ್ರಮವನ್ನು ಈ ಕ್ರಮಕ್ಕೆ ತಿರುಗಿಸುವ ಒಂದು ವಿಧಾನವನ್ನು ಎಡ್ಸ್‌ಗರ್ ಡೈಕ್‌ಸ್ಟ್ರಾ 1961ರಲ್ಲಿ ವಿವರಿಸಿದರು. ರೈಲ್ವೆ ಯಾರ್ಡಿನಲ್ಲಿ ಬೋಗಿಗಳನ್ನು ಪಕ್ಕದ ಹಳಿಗೆ ಸರಿಸಿ ಸಾಲು ಬದಲಾಯಿಸುವ ರೀತಿಯನ್ನು ಹೋಲುವುದರಿಂದ ಅದಕ್ಕೆ ಷಂಟಿಂಗ್ ಯಾರ್ಡ್ ಎಂಬ ಹೆಸರು ಬಂತು. ರೈಲೇ ಇಲ್ಲದ ಶಿರಸಿಯಲ್ಲಿ ಕುಳಿತು ಇದನ್ನು ಕಲ್ಪಿಸಿಕೊಳ್ಳುವುದಕ್ಕಿಂತ ವಖಾರಿಯ ಮೂಟೆಯೇ ನನಗೆ ಸುಲಭ.

ಯಾವ ಚಿಹ್ನೆಗೆ ಮೊದಲ ಮಣೆ ಎಂಬುದರಲ್ಲಿ ಕ್ಯಾಲ್ಕ್ ಶಾಲೆಯ ಗಣಿತವನ್ನು ಬಹುಮಟ್ಟಿಗೆ ಅನುಸರಿಸುತ್ತದೆ: ಘಾತ, ಗುಣಾಕಾರ-ಭಾಗಾಕಾರ, ಸಂಕಲನ-ವ್ಯವಕಲನ, ಎಲ್ಲಕ್ಕೂ ಕೊನೆಗೆ ಹೆಚ್ಚು-ಕಡಿಮೆ-ಸಮ ಎಂಬ ಹೋಲಿಕೆ. ಘಾತದ ಕಡೆ ಮಾತ್ರ ದಾರಿ ಬೇರೆಯಾಗುತ್ತದೆ. =-2^2 (^ ಎಂಬುದು ಘಾತದ ಚಿಹ್ನೆ) ಎಂದು ಬರೆದರೆ ಕ್ಯಾಲ್ಕ್ 4 ಎನ್ನುತ್ತದೆ, ಏಕೆಂದರೆ ಸಂಖ್ಯೆಗೆ ಅಂಟಿಕೊಂಡ ಋಣ ಚಿಹ್ನೆ ಅದರ ಪಾಲಿಗೆ ಘಾತಕ್ಕಿಂತ ಮೇಲು. =0-2^2 ಎಂದರೆ ಅದೇ ಕ್ಯಾಲ್ಕ್ -4 ಎನ್ನುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ (ಅಲ್ಲಿ ಘಾತದ ಚಿಹ್ನೆ **) ಎರಡು ಸಲವೂ -4 ಎನ್ನುತ್ತದೆ. ಹಾಗೆಯೇ 2^3^2 ಎಂಬುದನ್ನು ಕ್ಯಾಲ್ಕ್ ಎಡದಿಂದ ಹಿಡಿದು 64 ಮಾಡಿದರೆ, ಪೈಥಾನ್ ಬಲದಿಂದ ಹಿಡಿದು 512 ಮಾಡುತ್ತದೆ. ಅಡಿಕೆ ಲೆಕ್ಕದಲ್ಲಿ ಘಾತ ಬರುವುದು ಚಕ್ರಬಡ್ಡಿಯ ಹೊತ್ತಿಗೆ ಮಾತ್ರವಾದ್ದರಿಂದ ನನಗಿದು ತೊಂದರೆ ಕೊಟ್ಟಿಲ್ಲ. ಆದರೆ ಮಗನ ಗಣಿತ ಪಾಠವನ್ನು ಇದರಲ್ಲಿ ತಾಳೆ ನೋಡಲು ಹೋದಾಗ ಪಾಠವೇ ತಪ್ಪೆಂದು ಅರ್ಧ ದಿನ ವಾದಿಸಿದ್ದೆ.

ನಿಜವಾದ ತೊಂದರೆ ಬಂದದ್ದು ಬಹಳ ಸರಳವಾದ ಒಂದು ಷರತ್ತಿನಲ್ಲಿ. ನಮ್ಮಲ್ಲಿ ಸುಲಿತದ ಕೂಲಿ ಕೆಜಿಗೆ 12 ರೂಪಾಯಿ; ಒಂದೇ ದಿನದಲ್ಲಿ ನಲವತ್ತು ಕೆಜಿಯ ಮೇಲೆ ಸುಲಿದರೆ ಆ ದಿನಕ್ಕೆ 50 ರೂಪಾಯಿ ಹೆಚ್ಚುವರಿ. ಹಾಳೆಯಲ್ಲಿ ಬಿ ಕಂಬದಲ್ಲಿ ದಿನದ ತೂಕ, ಸಿ ಕಂಬದಲ್ಲಿ =ಇಫ್(ಬಿ2>40, 50, 0), ಅಂದರೆ ಬಿ2 ನಲವತ್ತು ದಾಟಿದರೆ 50, ಇಲ್ಲದಿದ್ದರೆ 0 ಎಂಬ ಷರತ್ತು, ವಾರದ ಕೊನೆಯಲ್ಲಿ ತೂಕದ ಒಟ್ಟು ಮೊತ್ತವನ್ನು 12ರಿಂದ ಗುಣಿಸಿ ಹೆಚ್ಚುವರಿಯನ್ನು ಕೂಡಿಸುವ ಸೂತ್ರ. ಶನಿವಾರ ಸಂಜೆ ಹಣ ಎಣಿಸಿ ಕೊಟ್ಟೆ. ಇಪ್ಪತ್ತು ವರ್ಷಗಳಿಂದ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಕೂರುತ್ತಿರುವ ಹಿರಿಯ ಹೆಂಗಸು ಅದನ್ನು ಸೆರಗಿಗೆ ಕಟ್ಟಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತು, "ಭಟ್ರೆ, ನನ್ನ ಗೆರೆಗೂ ನಿಮ್ಮ ಲೆಕ್ಕಕ್ಕೂ ತಾಳೆ ಇಲ್ಲ ನೋಡ್ರಾ" ಎಂದಳು. ತೂಗಿದ ಪ್ರತಿ ಬುಟ್ಟಿಗೂ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ತೂಕವನ್ನು ಮೊಮ್ಮಗಳಿಂದ ಬರೆಸುವುದು ಅವಳ ಪದ್ಧತಿ.

ಗೋಡೆಯ ಪ್ರಕಾರ ಆರು ದಿನಗಳ ತೂಕ 42, 38, 44, 28, 40, 36, ಒಟ್ಟು 228 ಕೆಜಿ. ಹಾಳೆಯ ಒಟ್ಟು 200. ನಾಲ್ಕನೆಯ ದಿನ ನಾನು ಪೇಟೆಗೆ ಹೋಗಿದ್ದರಿಂದ ತೂಕ ಬರೆದದ್ದು ಮಗ. ಅವನು ಚೌಕದಲ್ಲಿ 28 ಎಂದು ಬರೆಯುವ ಬದಲು ಚೊಕ್ಕವಾಗಿ "28 ಕೆಜಿ" ಎಂದು ಬರೆದಿದ್ದ. ಆ ಎರಡು ಅಕ್ಷರ ಸೇರಿದ್ದರಿಂದ ಕ್ಯಾಲ್ಕ್‌ನ ದೃಷ್ಟಿಯಲ್ಲಿ ಅದು ಸಂಖ್ಯೆಯಾಗಿ ಉಳಿಯದೆ ಪಠ್ಯವಾಯಿತು. ಮೊತ್ತ ಹಾಕುವ ಸಮ್ ಎಂಬ ಕಾರ್ಯ (ಫಂಕ್ಷನ್) ಪಠ್ಯವಿರುವ ಚೌಕವನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. ಆದ್ದರಿಂದ 28 ಕೆಜಿಯ 336 ರೂಪಾಯಿ ಹೋಯಿತು. ಇಷ್ಟೇ ಆಗಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಆದರೆ ಸಿ ಕಂಬದಲ್ಲಿ ಅದೇ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಬಿದ್ದಿತ್ತು! ಇಪ್ಪತ್ತೆಂಟು ಕೆಜಿ ಸುಲಿದದ್ದಕ್ಕೆ ಕೂಲಿ ಇಲ್ಲ, ಬಹುಮಾನ ಇದೆ. ಬರಬೇಕಾದದ್ದು 2736 ಮತ್ತು 100 ಸೇರಿ 2836 ರೂಪಾಯಿ. ನಾನು ಕೊಟ್ಟದ್ದು 2400 ಮತ್ತು 150 ಸೇರಿ 2550. ಇಡೀ ಹಾಳೆಯಲ್ಲಿ ಒಂದು ಕಡೆಯೂ ಕೆಂಪು ಗುರುತಾಗಲಿ ದೋಷದ ಸಂದೇಶವಾಗಲಿ ಇರಲಿಲ್ಲ.

ಕಾರಣ ಕ್ಯಾಲ್ಕ್‌ನ ಹೋಲಿಕೆಯ ನಿಯಮದಲ್ಲಿದೆ. ಸಂಖ್ಯೆಯನ್ನೂ ಪಠ್ಯವನ್ನೂ ಎದುರುಬದುರು ಇಟ್ಟು ಯಾವುದು ದೊಡ್ಡದು ಎಂದು ಕೇಳಿದರೆ ಅದು ಯಾವಾಗಲೂ ಪಠ್ಯವೇ ದೊಡ್ಡದು ಎನ್ನುತ್ತದೆ. "28 ಕೆಜಿ" ಎಂಬುದು 40ಕ್ಕಿಂತ ದೊಡ್ಡದು, 500ಕ್ಕಿಂತ ದೊಡ್ಡದು, ಕೋಟಿಗಿಂತಲೂ ದೊಡ್ಡದು. ಎಕ್ಸೆಲ್ ಕೂಡ ಇದೇ ಸಂಪ್ರದಾಯದ್ದು. ವಿಂಗಡಿಸುವಾಗ ಮೊದಲು ಸಂಖ್ಯೆಗಳು, ಆಮೇಲೆ ಹೆಸರುಗಳು ಬರಲು ಈ ಕ್ರಮ ಅನುಕೂಲವಾದೀತು, ಷರತ್ತಿನ ತೀರ್ಮಾನಕ್ಕೆ ಇದು ಸಲ್ಲದು. ಪೈಥಾನ್‌ನಲ್ಲಿ ಇಂಥದ್ದೇ ಹೋಲಿಕೆ ಬರೆದರೆ ಅದು ಮುಂದೆ ಹೋಗಲು ಒಪ್ಪದೆ ಬಗೆ ಹೊಂದುವುದಿಲ್ಲವೆಂದು ಅಲ್ಲೇ ನಿಲ್ಲುತ್ತದೆ. ಲೆಕ್ಕದಲ್ಲಿ ಆ ಒರಟುತನವೇ ನನಗೆ ಇಷ್ಟ.

ಇದಕ್ಕಿಂತಲೂ ಆಕ್ಷೇಪಿಸಬೇಕಾದದ್ದು ಕ್ಯಾಲ್ಕ್ ತನ್ನೊಳಗೇ ಎರಡು ಬಗೆಯಾಗಿ ನಡೆದುಕೊಳ್ಳುವುದು. ="45"*2 ಎಂದು ಬರೆದರೆ ಅದು ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ಸಂಖ್ಯೆಯೆಂದು ತಿಳಿದುಕೊಂಡು 90 ಎನ್ನುತ್ತದೆ; ಸೆಟ್ಟಿಂಗ್‌ನಲ್ಲಿ ಇದನ್ನು ದೋಷವೆಂದು ತೋರಿಸುವಂತೆಯೂ ಬದಲಾಯಿಸಿಕೊಳ್ಳಬಹುದು. ಅದೇ "45"ನ್ನು 500ರೊಂದಿಗೆ ಹೋಲಿಸಿದರೆ ಅದು ಪಠ್ಯವಾಗಿಯೇ ಉಳಿದು 500ಕ್ಕಿಂತ ದೊಡ್ಡದಾಗುತ್ತದೆ. ಗುಣಿಸುವಾಗ ಸಂಖ್ಯೆ, ಹೋಲಿಸುವಾಗ ಪಠ್ಯ, ಮೊತ್ತ ಹಾಕುವಾಗ ಇಲ್ಲವೇ ಇಲ್ಲ. ಒಂದೇ ಚೌಕಕ್ಕೆ ಮೂರು ನ್ಯಾಯ.

ಪರಿಹಾರಗಳು ತಂತ್ರಾಂಶದಲ್ಲೇ ಇವೆ, ಹುಡುಕಬೇಕು ಅಷ್ಟೆ. ಕಂಟ್ರೋಲ್ ಮತ್ತು ಎಫ್8 ಒಟ್ಟಿಗೆ ಒತ್ತಿದರೆ ಸಂಖ್ಯೆಗಳು ನೀಲಿಗೆ, ಸೂತ್ರಗಳು ಹಸಿರಿಗೆ ತಿರುಗುತ್ತವೆ, ಪಠ್ಯ ಕಪ್ಪಾಗಿಯೇ ಉಳಿಯುತ್ತದೆ. ನೀಲಿ ಕಂಬದ ನಡುವೆ ಒಂದು ಕಪ್ಪು ಸಾಲು ಕಂಡರೆ ಅಲ್ಲಿ ಯಾರೋ ಕೆಜಿ ಬರೆದಿದ್ದಾರೆ ಎಂದರ್ಥ. ಈಗ ಹಣ ಕೊಡುವ ಮೊದಲು ಇದನ್ನು ಒತ್ತುವುದು ನನಗೆ ಅಭ್ಯಾಸವಾಗಿದೆ. ಇದಕ್ಕಿಂತ ಗಟ್ಟಿಯಾದದ್ದು ಡೇಟಾ ಪಟ್ಟಿಯಲ್ಲಿರುವ ವ್ಯಾಲಿಡಿಟಿ: ತೂಕದ ಚೌಕಗಳಲ್ಲಿ ಸಂಖ್ಯೆ ಮಾತ್ರ, ಅದೂ ಸೊನ್ನೆಯಿಂದ ನೂರರ ಒಳಗೆ ಎಂದು ಕಟ್ಟುಹಾಕಿದರೆ ಬೇರೇನು ಬರೆದರೂ ಅದು ಒಳಗೆ ಬಿಡುವುದಿಲ್ಲ. ಕೆಜಿ ಎಂಬ ಅಕ್ಷರ ಕಣ್ಣಿಗೆ ಬೇಕೇ ಬೇಕೆಂದರೆ ಚೌಕದ ತೋರಿಕೆಯ ವಿನ್ಯಾಸದಲ್ಲಿ ಅದನ್ನು ಸೇರಿಸಬಹುದು. ಆಗ ಒಳಗೆ 28 ಸಂಖ್ಯೆಯಾಗಿಯೇ ಇರುತ್ತದೆ. ಹೊಸ ಹಾಳೆ ತೆರೆದಾಗಲೇ ಇಂಥ ಎಚ್ಚರಿಕೆಯೊಂದನ್ನು ತಾನಾಗಿ ಕೊಟ್ಟಿದ್ದರೆ ಕ್ಯಾಲ್ಕ್‌ಗೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ.

ಎರಡು ಮಿತಿಗಳ ನಡುವಿನ ಷರತ್ತನ್ನು ಬರೆಯುವಾಗಲೂ ಹೆಜ್ಜೆ ನೋಡಿ ಇಡಬೇಕು. ಮೂವತ್ತು ದಾಟಿ ನಲವತ್ತರವರೆಗೆ ಸುಲಿದವರಿಗೆ ಬೇರೆ ದರ ಎಂದಿಟ್ಟುಕೊಳ್ಳಿ. ಪುಸ್ತಕದಲ್ಲಿ ಬರೆಯುವಂತೆ 30<ಬಿ2<=40 ಎಂದು ಬರೆದರೆ ಕ್ಯಾಲ್ಕ್ ಎಡದಿಂದ ಹೊರಟು 30<ಬಿ2 ಎಂಬುದಕ್ಕೆ ನಿಜ ಅಥವಾ ಸುಳ್ಳು ಎಂಬ ಉತ್ತರ ಪಡೆದು, ಆ ಉತ್ತರವನ್ನು 40ರೊಂದಿಗೆ ಹೋಲಿಸುತ್ತದೆ. ಅದರ ಲೆಕ್ಕದಲ್ಲಿ ನಿಜವೆಂದರೆ 1, ಸುಳ್ಳೆಂದರೆ 0. ಎರಡೂ 40ರ ಒಳಗೇ ಇರುವುದರಿಂದ ಬಿ2ರಲ್ಲಿ ಏನೇ ಇದ್ದರೂ ಕೊನೆಯ ಉತ್ತರ ನಿಜವೇ. ಇದೇ ಹಾಳೆಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಉತ್ತರ ಯಾವಾಗಲೂ ಸುಳ್ಳು, ಏಕೆಂದರೆ ಅಲ್ಲಿ ನಿಜ-ಸುಳ್ಳುಗಳು ಸಂಖ್ಯೆಗಳಿಗಿಂತ ದೊಡ್ಡ ಬೇರೊಂದು ಜಾತಿ. ಪೈಥಾನ್ ಮಾತ್ರ ಇದನ್ನು ನಾವು ಓದುವಂತೆಯೇ ಓದುತ್ತದೆ. ಕೂಲಿಯ ಹಾಳೆಯನ್ನು ಪಕ್ಕದ ಮನೆಯವರಿಗೆ ಕಳಿಸುವವರು, ಅವರ ಕಂಪ್ಯೂಟರಿನಲ್ಲಿ ಏನಿದೆಯೆಂದು ಗೊತ್ತಿಲ್ಲದಿದ್ದರೆ, ಎಲ್ಲ ಷರತ್ತುಗಳೂ ನಿಜವಾದರೆ ಮಾತ್ರ ನಿಜ ಎನ್ನುವ ಆ್ಯಂಡ್ ಕಾರ್ಯದೊಳಗೆ ಎರಡು ಷರತ್ತುಗಳನ್ನು ಬೇರೆ ಬೇರೆಯಾಗಿ ಬರೆಯುವುದು ಲೇಸು.

ಆ್ಯಂಡ್ ಎಂದ ಮೇಲೆ ಅದರದ್ದೊಂದು ಗುಣವನ್ನೂ ಹೇಳಬೇಕು. ಮಾರಾಟದ ಹಾಳೆಯಲ್ಲಿ ಬಿ ಕಂಬದಲ್ಲಿ ಕ್ವಿಂಟಲ್, ಸಿ ಕಂಬದಲ್ಲಿ ಬಂದ ಹಣ ಇರುತ್ತದೆ. ಸರಾಸರಿ ದರ 40000 ದಾಟಿದ ವ್ಯಾಪಾರಗಳಿಗೆ ಗುರುತು ಹಾಕಲು =ಇಫ್(ಆ್ಯಂಡ್(ಬಿ2>0, ಸಿ2/ಬಿ2>40000), "ಒಳ್ಳೆಯ ದರ", "") ಎಂದು ಬರೆದಿದ್ದೆ. ತೂಕ ಇನ್ನೂ ತುಂಬದ ಸಾಲುಗಳಲ್ಲಿ ಭಾಗಾಕಾರ ನಡೆಯಬಾರದೆಂದೇ ಬಿ2>0 ಎಂಬ ಕಾವಲನ್ನು ಮುಂದೆ ನಿಲ್ಲಿಸಿದ್ದು. ಆದರೂ ಆ ಸಾಲುಗಳೆಲ್ಲ ಸೊನ್ನೆಯಿಂದ ಭಾಗಿಸಿದ ದೋಷದಿಂದ ತುಂಬಿಹೋದವು. ಪೈಥಾನ್, ಸಿ ಮುಂತಾದ ಭಾಷೆಗಳಲ್ಲಿ ಮೊದಲ ಷರತ್ತು ಸುಳ್ಳಾದ ಕೂಡಲೇ ಎರಡನೆಯದನ್ನು ಮುಟ್ಟುವುದೇ ಇಲ್ಲ. ಇದಕ್ಕೆ ಶಾರ್ಟ್ ಸರ್ಕ್ಯೂಟ್ ಎನ್ನುತ್ತಾರೆ. (ನಮ್ಮ ಕಡೆ ಆ ಮಾತು ಕೇಳಿದರೆ ಮಳೆಗಾಲದಲ್ಲಿ ಲೈನಿನ ಮೇಲೆ ಸೋಗೆ ಬಿದ್ದು ಎರಡು ದಿನ ಕರೆಂಟ್ ಹೋದದ್ದೇ ನೆನಪಾಗುತ್ತದೆ, ಇಲ್ಲಿ ಅದು ಒಳ್ಳೆಯ ಗುಣ.) ಕ್ಯಾಲ್ಕ್‌ನ ಆ್ಯಂಡ್‌ಗೆ ಅದು ಇಲ್ಲ. ಕೊಟ್ಟದ್ದೆಲ್ಲವನ್ನೂ ಲೆಕ್ಕ ಹಾಕಿ ಪೇರಿಸಿಕೊಂಡ ಮೇಲೆಯೇ ಅದು ತೀರ್ಪು ಕೊಡುವುದು. ಪೇರಿಸಿದ್ದರಲ್ಲಿ ಒಂದು ದೋಷವಿದ್ದರೆ ತೀರ್ಪೂ ದೋಷವೇ. ಇಫ್ ಹಾಗಲ್ಲ. ಷರತ್ತಿನ ಉತ್ತರ ನೋಡಿ ಬೇಕಾದ ದಾರಿಗಷ್ಟೇ ಹಾರುತ್ತದೆ, ಬೇಡದ ದಾರಿಯನ್ನು ಲೆಕ್ಕ ಹಾಕುವುದೇ ಇಲ್ಲ. ಹಾಗಾಗಿ ಕಾವಲು ಬೇಕಾದಲ್ಲಿ ಒಂದು ಇಫ್‌ನೊಳಗೆ ಇನ್ನೊಂದು ಇಫ್ ಇಡಬೇಕು. ಇದು ನೋಡಲು ಚೆಂದವಲ್ಲ, ಆದರೆ ಕೆಲಸ ಸರಿ.

ದಶಾಂಶದ ವಿಷಯದಲ್ಲಿ ನನ್ನ ಅಭಿಪ್ರಾಯ ಕ್ಯಾಲ್ಕ್‌ನ ಪರ. 0.1ರಂಥ ಸಂಖ್ಯೆಯನ್ನು ಎರಡರ ಆಧಾರದಲ್ಲಿ ಪೂರ್ತಿಯಾಗಿ ಬರೆಯಲಾಗದು, ಹತ್ತರ ಆಧಾರದಲ್ಲಿ ಮೂರನೇ ಒಂದು ಭಾಗವನ್ನು ಬರೆಯಲಾಗದ ಹಾಗೆ. ಹೀಗಾಗಿ ಪೈಥಾನ್‌ನಲ್ಲಿ 0.1+0.2 ಎಂದರೆ 0.30000000000000004 ಬರುತ್ತದೆ, ಅದು 0.3ಕ್ಕಿಂತ ದೊಡ್ಡದೇ ಎಂದು ಕೇಳಿದರೆ ಹೌದು ಎನ್ನುತ್ತದೆ. ಮೂರು ಬುಟ್ಟಿಗಳ ತೂಕ ಸೇರಿ ಸರಿಯಾಗಿ ಮಿತಿಯ ಮೇಲೆ ಬಂದು ನಿಂತಾಗ ಇಂಥ ಕಾಣದ ಧೂಳು ಐವತ್ತು ರೂಪಾಯಿಯನ್ನು ಆಚೆಗೋ ಈಚೆಗೋ ತಳ್ಳಬಲ್ಲದು. ಕ್ಯಾಲ್ಕ್ ಎರಡು ಸಂಖ್ಯೆಗಳನ್ನು ಹೋಲಿಸುವಾಗ ಅತ್ಯಲ್ಪ ವ್ಯತ್ಯಾಸವನ್ನು ಬದಿಗಿಟ್ಟು ಸಮವೆಂದೇ ಹೇಳುತ್ತದೆ. ಮುಚ್ಚಿಡುವುದೇ ಆದರೂ ತಕ್ಕಡಿ ಹಿಡಿದವರಿಗೆ ಬೇಕಾದ ಮುಚ್ಚುವಿಕೆ ಇದು. ಅಡಿಕೆಯ ತಕ್ಕಡಿಯೂ ಹದಿನೇಳನೆಯ ದಶಾಂಶವನ್ನು ಕೇಳುವುದಿಲ್ಲ.

ಇನ್ನು ನಾನು ಇದನ್ನು ಆರಿಸಿಕೊಂಡ ಕಾರಣ, ಅಂದರೆ ಒಳದಾರಿಯನ್ನು ತೋರಿಸುವ ಗುಣ. ಸೂತ್ರದ ಚೌಕದ ಮೇಲೆ ನಿಂತು ಕಂಟ್ರೋಲ್ ಮತ್ತು ಎಫ್2 ಒತ್ತಿದರೆ ಕಾರ್ಯಗಳ ಸಹಾಯಕ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಸ್ಟ್ರಕ್ಚರ್ ಎಂಬ ಪುಟವಿದೆ; ಇಡೀ ಸೂತ್ರ ಅಲ್ಲಿ ಕವಲು ಕವಲಾಗಿ, ಯಾವುದರೊಳಗೆ ಯಾವುದಿದೆ ಎಂದು ಕಾಣುವಂತೆ ಬಿಚ್ಚಿಕೊಂಡಿರುತ್ತದೆ, ಸರಿಯಾದ ಕವಲಿಗೆ ನೀಲಿ ಚುಕ್ಕೆ, ಹೊಂದದ್ದಕ್ಕೆ ಕೆಂಪು ಚುಕ್ಕೆ. ಮೂರು ಇಫ್ ಒಂದರೊಳಗೊಂದು ಸೇರಿದಾಗ ಯಾವ ಆವರಣ ಯಾವುದಕ್ಕೆ ಮುಚ್ಚಿದೆ ಎಂದು ಕಣ್ಣಿನಿಂದ ಹುಡುಕುವ ಕಷ್ಟ ಇದರಿಂದ ತಪ್ಪುತ್ತದೆ. ಸೂತ್ರದ ಒಂದು ಭಾಗವನ್ನಷ್ಟೇ ಆಯ್ದು ಎಫ್9 ಒತ್ತಿದರೆ ಆ ಭಾಗದ ಉತ್ತರ ಪಕ್ಕದಲ್ಲಿ ಮೂಡುತ್ತದೆ. ಬಿ5>40 ಎಂಬ ತುಂಡನ್ನು ಆಯ್ದು ಒತ್ತಿದಾಗ ನಿಜ ಎಂದು ಮೂಡಿದ್ದನ್ನು ನೋಡಿಯೇ ಆ 28 ಕೆಜಿಯ ಗುಟ್ಟು ನನಗೆ ತಿಳಿದದ್ದು. ಎಕ್ಸೆಲ್‌ನಲ್ಲಿ ಒಂದೊಂದೇ ಹೆಜ್ಜೆಯಾಗಿ ಲೆಕ್ಕವನ್ನು ನಡೆಸಿ ತೋರಿಸುವ ಸೌಲಭ್ಯವಿದೆ; ಅಂಥದ್ದು ಇಲ್ಲಿಯೂ ಇದ್ದಿದ್ದರೆ ಚೆನ್ನಾಗಿತ್ತು.

ಸಣ್ಣಪುಟ್ಟ ಮಾತುಗಳು ಕೆಲವಿವೆ. ಖಾಲಿ ಚೌಕವನ್ನು ಕ್ಯಾಲ್ಕ್ ಸೊನ್ನೆಗೂ ಸಮ, ಬರಿದಾದ ಪಠ್ಯಕ್ಕೂ ಸಮ ಎನ್ನುತ್ತದೆ. ಆಳು ಬಾರದ ದಿನವನ್ನೂ ಬಂದು ಏನೂ ಸುಲಿಯದ ದಿನವನ್ನೂ ಬೇರೆ ಮಾಡಬೇಕಾದರೆ ಇಸ್‌ಬ್ಲ್ಯಾಂಕ್ ಕಾರ್ಯವನ್ನೇ ಬಳಸಬೇಕು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯ ಬಗೆಗಳ ದರಪಟ್ಟಿ ಮಾಡಿ ವಿಲುಕಪ್‌ನಿಂದ ದರ ಹುಡುಕುವವರು ಅದರ ಕೊನೆಯ ಜಾಗದಲ್ಲಿ 0 ಬರೆಯಲು ಮರೆಯಬಾರದು. ಮರೆತರೆ ಪಟ್ಟಿ ಅಕಾರಾದಿಯಲ್ಲಿದೆಯೆಂದು ಅದು ನಂಬಿಕೊಂಡು, ಒಂದು ಅಡಿಕೆಗೆ ಇನ್ನೊಂದರ ದರವನ್ನು ತಂದಿಡಬಹುದು. ದೋಷ ಸಂದೇಶಗಳಂತೂ ಬಡವಾಗಿವೆ: ಸೂತ್ರವೊಂದು ತನ್ನನ್ನೇ ಸುತ್ತಿಕೊಂಡರೆ ಚೌಕದಲ್ಲಿ ಕಾಣುವುದು ಎರರ್ 522 ಮಾತ್ರ, ಆವರಣ ತಪ್ಪಿದರೆ 508. ಮೆನುಗಳನ್ನು ಕನ್ನಡದಲ್ಲಿಯೂ ಇಟ್ಟುಕೊಳ್ಳಬಹುದು. ಫೋನಿನಲ್ಲಿ ದಾರಿ ಹೇಳಿಕೊಡುವವರು ಇಂಗ್ಲಿಷ್ ಹೆಸರನ್ನೇ ಹೇಳುವುದರಿಂದ ನಾನು ಇಂಗ್ಲಿಷನ್ನೇ ಉಳಿಸಿಕೊಂಡಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹತ್ತು-ಹದಿನೈದು ಜನರ ಕೂಲಿ, ಒಂದು ತೋಟದ ಮಾರಾಟ, ಸೊಸೈಟಿಯ ಸಾಲದ ಕಂತು, ಇಷ್ಟರ ಲೆಕ್ಕ ಇಡುವ ಮನೆಗಳಿಗೆ ಇದು ಧಾರಾಳವಾಗಿ ಸಾಕು. ಕಳೆದ ಒಂದು ಅಂಕ ಪೂರ್ತಿಯಾಗಿ ಪಠ್ಯವನ್ನು ಸಂಖ್ಯೆಗಿಂತ ದೊಡ್ಡದು ಮಾಡಿ ಸುಮ್ಮನೆ ಕೂರುವ ಆ ಒಂದು ಗುಣಕ್ಕೆ.

ಅಂದು ಬಾಕಿಯ 286 ರೂಪಾಯಿ ಕೊಟ್ಟಾಗ ಆ ಹಿರಿಯ ಹೆಂಗಸು ಐದನೆಯ ದಿನದ ಗೆರೆಗಳ ಮೇಲೆ ಬೆರಳಿಟ್ಟು, ಆ ದಿನ ನಲವತ್ತು ಕೆಜಿ ಆಗಿತ್ತಲ್ಲ, ಅದರ ಐವತ್ತು ಎಲ್ಲಿ ಎಂದು ಕೇಳಿದಳು. ನಲವತ್ತರ ಮೇಲೆ ಎಂದರೆ ನಲವತ್ತು ದಾಟಿದ್ದು ಎಂದು ನಾನು ತಿಳಿದಿದ್ದೆ, ನಲವತ್ತು ಮುಟ್ಟಿದ್ದು ಎಂದು ಅವಳು ತಿಳಿದಿದ್ದಳು, ಇಷ್ಟು ವರ್ಷ ಸರಿಯಾಗಿ ನಲವತ್ತಕ್ಕೆ ನಿಂತ ದಿನ ಬಂದಿರಲಿಲ್ಲವೋ ಅಥವಾ ತಂದೆಯವರು ಕೇಳದೆಯೇ ಕೊಟ್ಟುಬಿಡುತ್ತಿದ್ದರೋ ತಿಳಿಯದು. ಎಫ್9 ಒತ್ತಿದರೆ 40>40 ಎಂಬುದು ಸುಳ್ಳೆಂದೇ ಬಂತು. ಐವತ್ತು ರೂಪಾಯಿ ಕೊಟ್ಟು, ಸಿ ಕಂಬದ ಚಿಹ್ನೆಯನ್ನು >= ಎಂದು ತಿದ್ದಿ, ಕಂಬದ ಕೊನೆಯವರೆಗೆ ಎಳೆದೆ.